73939133ರ ಮಾಸ್ತರು

ಕಳೆದ ಫೆಬ್ರುವರಿಯ ಎರಡನೇ ಮಂಗಳವಾರ ಮಧ್ಯಾಹ್ನ ಹೈದರಾಬಾದಿನ ಅಮೀರ್‌ಪೇಟ್‌ನ ಹಳೆಯ ಕಟ್ಟಡವೊಂದರ ಗೋಡೆಯಿಂದ ಕಪ್ಪು ಗ್ರಾನೈಟಿನ ತುಂಡೊಂದು ಕಳಚಿ ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಸೀಟು ಹರಿಯಿತು. ಬಿದ್ದ ತುಂಡಿನ ಮೇಲೆ 9 ಎಂಬ ಅಂಕಿ ಕೆತ್ತಿತ್ತು.

ಈ ಸುದ್ದಿಯನ್ನು ಎಲ್ಲರಿಗಿಂತ ಮೊದಲು ತಿಳಿಸಬೇಕಾಗಿದ್ದ ವ್ಯಕ್ತಿ ಅದಕ್ಕೆ ಮುಂಚಿನ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಅವರು ಆ ಕಟ್ಟಡದ ಕೋಚಿಂಗ್ ಸೆಂಟರಿನಲ್ಲಿ ಬಹಳ ವರ್ಷ ಗಣಿತ ಕಲಿಸಿದವರು. ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ನೆತ್ತಿಯ ಮೇಲಿನ ಮನೆಯವರು. ಊರು ರಾಯಚೂರು ಜಿಲ್ಲೆಯ ಲಿಂಗಸುಗೂರು. ತೆಲುಗಿನ ನೆರೆಯವರಿಗೆ ‘ಲೆಕ್ಕಲ ಸಾರು’, ಕನ್ನಡದ ನಾಲ್ಕೈದು ಮನೆಗಳಿಗೆ ‘ಮಾಸ್ತರು’. ತೀರಿಕೊಂಡಾಗ ಎಪ್ಪತ್ತಮೂರು ವರ್ಷ. ಸಮಾಧಾನ ಹೇಳಲು ಹೋದವರಿಗೆ ಅವರ ಹೆಂಡತಿ, ನಾವೆಲ್ಲ ವೈನಿ ಎಂದು ಕರೆಯುವವರು, ಹೇಳಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ:

“ಎಪ್ಪತ್ನಾಕಕ್ಕ ಕಾಲಿಡೂ ಮನಸ್ಸ ಇರಲಿಲ್ಲ ಅವರಿಗೆ. ಅದು ಒಡಕ ನಂಬರಂತ.”

ಮಾಸ್ತರ ಪ್ರಕಾರ ಸಂಖ್ಯೆಗಳಲ್ಲಿ ಎರಡು ಜಾತಿ. ಒಂದರಿಂದ ಮತ್ತು ತನ್ನಿಂದಲೇ ಹೊರತು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು ‘ಗಟ್ಟಿ’. ಪಠ್ಯಪುಸ್ತಕದಲ್ಲಿ ಇದನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆ. ಭಾಗವಾಗುವಂಥದ್ದು ‘ಒಡಕು’. ಎಪ್ಪತ್ತನಾಲ್ಕು ಒಡಕು, ಏಕೆಂದರೆ ಅದು ಎರಡು ಮೂವತ್ತೇಳು. ಎಪ್ಪತ್ತಮೂರು ಗಟ್ಟಿ. ಈ ಎರಡು ಶಬ್ದ ತಿಳಿದಿದ್ದರೆ ಮಾಸ್ತರ ಜೊತೆ ಬಾಳುವೆ ಮಾಡಬಹುದಿತ್ತು. ತಿಳಿಯದಿದ್ದರೆ ಬ್ರೋಕರನಿಗೆ ಆದದ್ದೇ ಆಗುತ್ತಿತ್ತು.

ಬ್ರೋಕರನ ಪ್ರಸಂಗ ನನಗೆ ವೈನಿಯಿಂದ ತಿಳಿದದ್ದು. ಅಪಾರ್ಟ್‌ಮೆಂಟ್ ಹೊಸದಾಗಿದ್ದಾಗ ಇವರು ಮನೆ ನೋಡಲು ಬಂದರಂತೆ. ಬ್ರೋಕರ್ ಮೊದಲು 301 ತೋರಿಸಿದ. ಪೂರ್ವದ ಕಡೆ ದೊಡ್ಡ ಬಾಲ್ಕನಿ, ಅಡುಗೆಮನೆಗೆ ಬೆಳಕು. ವೈನಿ ಅಲ್ಲೇ ನಿಂತು ತುಳಸಿ ಎಲ್ಲಿಡುವುದು ಎಂದು ತೀರ್ಮಾನಿಸಿಬಿಟ್ಟಿದ್ದರು. ಮಾಸ್ತರು ಬಾಗಿಲಿನ ಮೇಲಿನ ಸಂಖ್ಯೆ ನೋಡಿ ಒಳಗೇ ಬರಲಿಲ್ಲ. “ಏಳು ನಲವತ್ಮೂರ್ಲೆ. ಬ್ಯಾಡ,” ಎಂದರು. 303 ತೋರಿಸಿದ. “ಇದನ್ನ ತೋರ್ಸಾಕ ನಿಮಗ ನಾಚಿಕಿ ಬರಲಿಲ್ಲೇನ್ರಿ?” ಎಂದರು. ಕೊನೆಗೆ ಲಿಫ್ಟಿನ ಗೋಡೆಗೆ ಅಂಟಿಕೊಂಡ, ಬಾಲ್ಕನಿಯೆಂದರೆ ಒಂದು ಬಕೆಟ್ ಇಡುವಷ್ಟಿದ್ದ 307ರ ಮುಂದೆ ನಿಂತು, ಚಪ್ಪಲಿ ಬಿಟ್ಟು ಒಳಗೆ ಹೋದರು. ಇವರು ದೊಡ್ಡ ವಾಸ್ತು ಪಂಡಿತರೆಂದು ಬ್ರೋಕರ್ ನಂಬಿದ. ಅನಂತರ ಬೇರೆ ಗಿರಾಕಿಗಳನ್ನು ಕರೆತಂದಾಗಲೂ ಒಮ್ಮೆ 307ಕ್ಕೆ ಬಂದು ಇವರ ಅಭಿಪ್ರಾಯ ಕೇಳಿಕೊಂಡು ಹೋಗುತ್ತಿದ್ದನಂತೆ. ಇವರೂ ಹೇಳುತ್ತಿದ್ದರಂತೆ.

“ಏಳು ನಲವತ್ಮೂರ್ಲೆ ಅಂತ ಹೇಳಿ ನನ್ನ ಬಾಲ್ಕನಿ ಕಳದ್ರು,” ಎಂದು ವೈನಿ ಬಟ್ಟೆ ಒಣಹಾಕುವಾಗಲೆಲ್ಲ ಹೇಳುತ್ತಿದ್ದರು. ಗಂಡನಿಗೆ ಕೇಳಿಸಲೆಂದೇ ಹೇಳುತ್ತಿದ್ದರು. ಕೆಳಗಿನ ಮನೆಯಲ್ಲಿದ್ದ ನನಗೂ ಕೇಳಿಸುತ್ತಿತ್ತು.

ನನ್ನ ಮನೆ 207. ಮಾಸ್ತರು ಮೊದಲ ಸಲ ಬಂದಾಗ ಬಾಗಿಲಲ್ಲೇ ನಿಂತು, “ಒಂಬತ್ತು ಇಪ್ಪತ್ಮೂರ್ಲೆ. ಹೆಂಗಿರ್ತೀರಿ ಇಲ್ಲಿ?” ಎಂದು ಕೇಳಿದ್ದರು. ಆಸ್ಪತ್ರೆಯಲ್ಲಿ ಮಲಗಿದವರನ್ನು ಕೇಳುವ ದನಿಯಲ್ಲಿ.

ಇಷ್ಟಾದರೂ ಅವರ ಪ್ರೀತಿ ಇದ್ದದ್ದು ಒಂದೇ ಸಂಖ್ಯೆಯ ಮೇಲೆ: 73939133. ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಅದು ಗಟ್ಟಿ. ಅದರ ಬಲತುದಿಯ ಒಂದು ಅಂಕಿ ಅಳಿಸಿದರೆ ಉಳಿಯುವ 7393913 ಕೂಡ ಗಟ್ಟಿ. ಇನ್ನೊಂದು ಅಳಿಸಿದರೆ 739391, ಅದೂ ಗಟ್ಟಿ. 73939 ಗಟ್ಟಿ, 7393 ಗಟ್ಟಿ, 739 ಗಟ್ಟಿ, 73 ಗಟ್ಟಿ, ಕೊನೆಗೆ ಉಳಿಯುವ 7 ಕೂಡ ಗಟ್ಟಿ. ಬಲದಿಂದ ಎಷ್ಟು ಕತ್ತರಿಸಿದರೂ ಒಡಕಾಗದ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಇದಕ್ಕಿಂತ ದೊಡ್ಡದು ಇಲ್ಲ, ಮುಂದೆ ಸಿಗುವಂತೆಯೂ ಇಲ್ಲ. ಏಕೆಂದರೆ ಇದರ ಬಲಕ್ಕಾಗಲಿ, ಇಂಥ ಎಂಟಂಕಿಯ ಬೇರೆ ಸಂಖ್ಯೆಗಳ ಬಲಕ್ಕಾಗಲಿ ಸೊನ್ನೆಯಿಂದ ಒಂಬತ್ತರವರೆಗೆ ಯಾವ ಅಂಕಿ ಸೇರಿಸಿದರೂ ಸಂಖ್ಯೆ ಒಡಕಾಗಿಬಿಡುತ್ತದೆ.

“ಕಡೀರಿ, ಏನೂ ಆಗಂಗಿಲ್ಲ. ಕೂಡಸ್ರಿ, ಕೆಟ್ಟ ಹೋಗತೈತಿ,” ಎನ್ನುತ್ತಿದ್ದರು.

ಇದನ್ನು ಹೇಳುವಾಗ ಅವರ ಬಲಗೈಯ ಅಂಚು ಗಾಳಿಯಲ್ಲಿ ಬಲದಿಂದ ಎಡಕ್ಕೆ ಒಂದೊಂದೇ ಗೇಣು ಸರಿಯುತ್ತಿತ್ತು. ಬೋರ್ಡಿನ ಮೇಲೆ ಅಳಿಸುವ ಅಭ್ಯಾಸ. ಡಸ್ಟರ್ ಇದ್ದರೂ ಅಂಗೈಯ ಅಂಚಿನಿಂದಲೇ ಅಳಿಸುತ್ತಿದ್ದರು, ಹಾಗಾಗಿ ಅಂಗಿಯ ಬಲ ತೋಳು ಸದಾ ಬಿಳಿ. ಮೆಟ್ರೋದಲ್ಲಿ ನಾವಿಬ್ಬರೂ ಅಮೀರ್‌ಪೇಟ್‌ವರೆಗೆ ಒಟ್ಟಿಗೆ ಹೋಗುತ್ತಿದ್ದೆವು. ಒಮ್ಮೆ ಅವರ ಎದುರು ಸೀಟಿನಲ್ಲಿದ್ದ ಹೆಂಗಸೊಬ್ಬರು ಆ ಕೈಯನ್ನು ನೋಡಿ, ತಮ್ಮನ್ನು ಪಕ್ಕಕ್ಕೆ ಸರಿಯಲು ಹೇಳುತ್ತಿದ್ದಾರೆಂದು ತಿಳಿದು ಸರಿಯುತ್ತ ಸರಿಯುತ್ತ ಬಾಗಿಲವರೆಗೆ ಹೋದದ್ದನ್ನು ನಾನೇ ನೋಡಿದ್ದೇನೆ.

ಪ್ರತಿ ಹೊಸ ಬ್ಯಾಚಿನ ಮೊದಲ ತರಗತಿಯನ್ನು ಮಾಸ್ತರು ಈ ಸಂಖ್ಯೆಯಿಂದ ಆರಂಭಿಸುತ್ತಿದ್ದರು. ಎಂಟು ಅಂಕಿ ಬರೆದು, ಒಂದೊಂದೇ ಅಳಿಸುತ್ತ, ಗಟ್ಟಿಯೋ ಒಡಕೋ ಎಂದು ಹುಡುಗರನ್ನು ತೆಲುಗಿನಲ್ಲಿ ಕೇಳುವುದು. ಹಾಸ್ಟೆಲಿನಿಂದ ಇಡ್ಲಿ ತಿಂದು ಓಡಿಬಂದ ಹುಡುಗರಲ್ಲಿ ಒಬ್ಬನಾದರೂ ಕೈ ಎತ್ತುತ್ತಿದ್ದ:

“ಎಗ್ಜಾಮ್‌ಲ ವಸ್ತದಾ ಸಾರ್?” ಪರೀಕ್ಷೆಗೆ ಬರುತ್ತದಾ?

“ರಾದು.” ಬರುವುದಿಲ್ಲ.

“ಮರಿ ಎಂದುಕು ಸಾರ್?” ಮತ್ತೆ ಯಾಕೆ?

“ರಾದನೇ.” ಬರುವುದಿಲ್ಲ ಅಂತಲೇ.

ಸಂಸ್ಥೆ ಮೂವರು ಅಣ್ಣತಮ್ಮಂದಿರದು. ವ್ಯವಹಾರವೆಲ್ಲ ಹಿರಿಯಣ್ಣನ ಕೈಯಲ್ಲಿ. ಅವರನ್ನು ಎಲ್ಲರೂ ‘ಛೇರ್ಮನ್ ಗಾರು’ ಎನ್ನುತ್ತಿದ್ದರು. ಬಿಳಿ ಅಂಗಿ, ನಗುಮುಖ, ಒಳ್ಳೆಯ ಮನಸ್ಸು. ಸಿಲಬಸ್ಸಿನಲ್ಲಿ ಇಲ್ಲದ್ದನ್ನು ತರಗತಿಯಲ್ಲಿ ಹೇಳುವುದು ಅವರ ಸಂಸ್ಥೆಯಲ್ಲಿ ನಿಷಿದ್ಧ. ಮಾಸ್ತರಿಗೆ ಮಾತ್ರ ವಿನಾಯಿತಿ. ಅವರ ಬ್ಯಾಚುಗಳಿಂದ ರ‍್ಯಾಂಕು ಬರುತ್ತಿತ್ತು. “ಗುರೂಗಾರಿಗೆ ಅದೊಂದು ಪೂಜೆ ಇದ್ದಹಾಗೆ, ಮಾಡಿಕೊಳ್ಳಲಿ ಬಿಡಿ,” ಎಂದು ಛೇರ್ಮನ್ ಗಾರು ನನ್ನೆದುರಿಗೇ ಹೇಳಿದ್ದುಂಟು.

ಪತ್ರಿಕೆಯ ಕೆಲಸದಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ನಂಬುವ ರೂಢಿಯಿಲ್ಲ. ಪರಿಚಯವಾದ ಹೊಸತರಲ್ಲಿ ನಾಲ್ಕನೇ ಮಹಡಿಯ ಮಂಗಳೂರಿನ ಹುಡುಗಿಯೊಬ್ಬಳನ್ನು, ಐಟಿ ಕಂಪನಿಯಲ್ಲಿದ್ದವಳನ್ನು, ಈ ಸಂಖ್ಯೆ ಪರೀಕ್ಷಿಸಲು ಕೇಳಿಕೊಂಡೆ. ಅವಳು ಚಹಾ ಆರುವುದರೊಳಗೆ, “ಹೌದು ಅಂಕಲ್, ಎಂಟೂ ಪ್ರೈಮ್,” ಎಂದಳು. ವಿಷಯ ಮಾಸ್ತರ ಕಿವಿಗೆ ಬಿತ್ತು. ಮರುದಿನ ಮೆಟ್ರೋದಲ್ಲಿ ಮುಖ ತಿರುಗಿಸಿ ನಿಂತಿದ್ದರು.

“ಏನ್ರಿ ಪೇಪರ್‌ನವರ, ನಾ ಹೇಳಿದ್ದು ಸಾಲಲಿಲ್ಲೇನು? ಮಷೀನ್‌ನ ಸಾಕ್ಷಿ ಬೇಕಾತೇನು?”

“ಎರಡನೇ ಮೂಲ ಬೇಕು ಸರ್. ನಮ್ಮಲ್ಲಿ ಹಾಗೆ.”

ಮುಖ ಈ ಕಡೆ ತಿರುಗಿಸಿದರು. “ಅದೂ ಖರೇನ. ನಾನೂ ಯಾರನ್ನೂ ನಂಬಿರಲಿಲ್ಲ ಬಿಡ್ರಿ.”

ಆಗ ಹೇಳಿದ ಕತೆ ಇದು. ಡಿಗ್ರಿ ಓದುವಾಗ ಒಂದು ಬೇಸಿಗೆ ರಜೆ ಪೂರ್ತಿ ಲಿಂಗಸುಗೂರಿನ ತಂದೆಯ ಬಟ್ಟೆ ಅಂಗಡಿಯಲ್ಲಿ ಕೂತು, ಏಳರ ಮುಂದೆ ಒಂದೊಂದೇ ಅಂಕಿ ಇಟ್ಟು ನೋಡುತ್ತ ಈ ಸಂಖ್ಯೆಯನ್ನು ಕಟ್ಟಿದರಂತೆ. ಕೊನೆಯ ಸಂಖ್ಯೆ ಗಟ್ಟಿಯೆಂದು ತಿಳಿಯಲು ಎಂಟೂವರೆ ಸಾವಿರ ದಾಟುವವರೆಗಿನ ಎಲ್ಲ ಗಟ್ಟಿ ಸಂಖ್ಯೆಗಳಿಂದಲೂ ಭಾಗಿಸಿ ನೋಡಬೇಕು. ಕಾಗದ ಎಲ್ಲಿಂದ ಬರಬೇಕು? ಬಟ್ಟೆ ಸುತ್ತಿಕೊಡುವ ರದ್ದಿಯ ಮೇಲೆ ಭಾಗಾಕಾರ ಮಾಡಿದರು. ತಂದೆ ಅದರಲ್ಲೇ ಬಟ್ಟೆ ಸುತ್ತಿ ಕೊಟ್ಟರು. ಆ ವರ್ಷ ಲಿಂಗಸುಗೂರು ತಾಲ್ಲೂಕಿನ ಮದುವೆಗಳಿಗೆಲ್ಲ ಧೋತರ, ಸೀರೆಗಳು ಈ ಭಾಗಾಕಾರದಲ್ಲೇ ಸುತ್ತಿಕೊಂಡು ಹೋದವು. ಮಗ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾನೆಂದು ತಂದೆ ಊರಿಗೆಲ್ಲ ಹೇಳಿದ್ದರು.

“ಆಮ್ಯಾಲೆ ಗೊತ್ತಾತು, ನನಕಿಂತ ಮೊದಲ ಯಾರೋ ಕಂಡಹಿಡದಬಿಟ್ಟಿದ್ರು.”

“ಬೇಸರವಾಯಿತಾ ಸರ್?”

“ಒಂದ ದಿನ ಊಟಾ ಮಾಡಲಿಲ್ಲ. ಎರಡನೇ ದಿನ ಖುಷಿ ಆತು. ನಂದ ಲೆಕ್ಕಾ ಬರಾಬರ್ ಐತಿ ಅಂತಾತಲ್ಲ. ಎರಡನೇ ಮೂಲ!” ಎಂದು ನನ್ನ ಬೆನ್ನಿಗೆ ಹೊಡೆದರು. ಅಂಗಿಯ ಮೇಲೆ ಸೀಮೆಸುಣ್ಣದ ಗುರುತು ಆಫೀಸಿನವರೆಗೂ ಇತ್ತು.

ನಿವೃತ್ತಿಯ ಸಮಯ ಬಂದಾಗ ಛೇರ್ಮನ್ ಗಾರು, ಏನು ಉಡುಗೊರೆ ಬೇಕೆಂದು ಕೇಳಿದರು. ಮಾಸ್ತರು ಶಾಲು ಬೇಡ, ಹಾರ ಬೇಡ, ಬೆಳ್ಳಿ ತಟ್ಟೆ ಬೇಡ ಎಂದರು. ಕೆಳಗಿನ ಪ್ರವೇಶದ್ವಾರದ ಪಕ್ಕದ ಗೋಡೆಯ ಮೇಲೆ ಈ ಸಂಖ್ಯೆಯನ್ನು ಕಲ್ಲಿನಲ್ಲಿ ಕೆತ್ತಿಸಬೇಕು, ಅಷ್ಟೇ. ಆ ಗೋಡೆ ರ‍್ಯಾಂಕು ಬಂದ ಹುಡುಗರ ಫೋಟೊಗಳಿಗೆ ಮೀಸಲು. ಅಲ್ಲಿ ಜಾಗ ಕೊಡುವುದು ಸಣ್ಣ ಮಾತಲ್ಲ.

“ಯಾಕೆ ಸರ್ ಅಷ್ಟೊಂದು ಹಟ?” ಎಂದು ಕೇಳಿದೆ.

“ನೋಡ್ರಿ, ನಾ ಕಲಿಸಿದ್ದೆಲ್ಲಾ ಪರೀಕ್ಷಾ ಮುಗದ ದಿನ ಹುಡುಗ್ರು ಮರೀತಾರ. ಮರೀಬೇಕು, ಅದಕ್ಕ ಕಲಸೂದು. ಪರೀಕ್ಷಾಕ್ಕ ಬರಲಾರದ್ದು ಅಂತ ನಾ ಕಲಸಿದ್ದು ಇದೊಂದ. ಇದ ಇರಲಿ ಗ್ವಾಡಿ ಮ್ಯಾಲ.”

ಅವರು ಅಷ್ಟು ಗಂಭೀರವಾಗಿ ಮಾತನಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಛೇರ್ಮನ್ ಗಾರು ಒಪ್ಪಿದರು. ಕಲ್ಲಿಗೆ ಹೇಳಿ ಕಳಿಸಿದರು.

ಬೀಳ್ಕೊಡುಗೆ ಒಂದು ಭಾನುವಾರ ಬೆಳಗ್ಗೆ. ನಾನು, ವೈನಿ, ನಾಲ್ಕನೇ ಮಹಡಿಯ ಹುಡುಗಿ ಮುಂದಿನ ಸಾಲಿನಲ್ಲಿದ್ದೆವು. ಗೋಡೆಯ ಕಲ್ಲಿಗೆ ಹಳದಿ ಬಟ್ಟೆಯ ಪರದೆ. ಮಾಸ್ತರು ದಾರ ಎಳೆದರು. ಚಪ್ಪಾಳೆ. ಕಪ್ಪು ಗ್ರಾನೈಟು, ಬಂಗಾರದ ಬಣ್ಣದ ಅಂಕಿಗಳು. ಮಾಸ್ತರು ಬೆರಳಿನಿಂದ ಒಂದೊಂದೇ ಅಂಕಿ ಮುಟ್ಟುತ್ತ ಎಡದಿಂದ ಬಲಕ್ಕೆ ಹೋದರು: ಏಳು, ಮೂರು, ಒಂಬತ್ತು, ಮೂರು, ಒಂಬತ್ತು, ಒಂದು, ಮೂರು, ಮೂರು. ಬೆರಳು ನಿಂತಿತು. ಕಲ್ಲು ಮುಗಿದಿರಲಿಲ್ಲ. ಅಲ್ಲಿ ಇನ್ನೊಂದು 7 ಇತ್ತು.

ಮಾಸ್ತರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಇಂವ ಯಾರು?”

ಛೇರ್ಮನ್ ಗಾರು ಮುಂದೆ ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಅವರಿಗೆ ಇದೊಂದು ಅಚ್ಚರಿಯ ಉಡುಗೊರೆ. ಹೈದರಾಬಾದಿನಲ್ಲಿ ಕಾರು ಕೊಳ್ಳುವ ಅರ್ಧ ಜನ ನಂಬರ್ ಪ್ಲೇಟಿನ ಅಂಕಿಗಳನ್ನು ಕೂಡಿದರೆ ಒಂಬತ್ತು ಬರಬೇಕೆನ್ನುತ್ತಾರೆ. ಛೇರ್ಮನ್ ಗಾರು ಕಾರಿಗೆ, ಫೋನಿಗೆ, ಮಗಳ ಮದುವೆಯ ತಾರೀಖಿಗೆ, ಎಲ್ಲಕ್ಕೂ ಒಂಬತ್ತನ್ನೇ ಹುಡುಕಿದವರು. ಇದಕ್ಕಾಗಿ ಅವರಿಗೊಬ್ಬರು ಸಂಖ್ಯಾಶಾಸ್ತ್ರದ ಸಲಹೆಗಾರರಿದ್ದರು. ಅವರು ಮಾಸ್ತರ ಸಂಖ್ಯೆಯ ಅಂಕಿಗಳನ್ನು ಕೂಡಿ ನೋಡಿದ್ದರು. ಮೂವತ್ತೆಂಟು. ಮೂರೂ ಎಂಟೂ ಹನ್ನೊಂದು. ಒಂದೂ ಒಂದೂ ಎರಡು. ಎರಡು ಚಂದ್ರನದು, ನಿಲ್ಲುವುದಿಲ್ಲ. ಕೊನೆಗೊಂದು ಏಳು ಸೇರಿಸಿದರೆ ನಲವತ್ತೈದು. ನಾಲ್ಕೂ ಐದೂ ಒಂಬತ್ತು.

“ಟೋಟಲ್ ತೊಮ್ಮಿದಿ, ಗುರೂಗಾರು!” ಎಂದರು ಛೇರ್ಮನ್ ಗಾರು. ತೊಮ್ಮಿದಿ ಎಂದರೆ ಒಂಬತ್ತು. ಅವರ ಕಣ್ಣಲ್ಲಿ ನೀರಿತ್ತು. ಮಾಸ್ತರ ಕಣ್ಣಲ್ಲೂ ಇತ್ತು. ಕಾರಣ ಬೇರೆ.

ಅಂಕಿಗಳನ್ನು ಕೂಡಿದರೆ ಒಂಬತ್ತು ಬರುವ ಯಾವ ಸಂಖ್ಯೆಯಾದರೂ ಒಂಬತ್ತರಿಂದ ಭಾಗವಾಗುತ್ತದೆ. ಇದನ್ನು ಆರನೇ ಇಯತ್ತೆಯಲ್ಲಿ ಕಲಿಸುತ್ತಾರೆ. ಅಂದರೆ ಸಲಹೆಗಾರರು ಇದ್ದ ಹತ್ತು ಅಂಕಿಗಳಲ್ಲಿ ಹುಡುಕಿ, ಎಲ್ಲಕ್ಕಿಂತ ಒಡಕಾದದ್ದನ್ನೇ ಆರಿಸಿದ್ದರು.

ಮಾಸ್ತರನ್ನು ಮಾತನಾಡಲು ಕರೆದರು. ಅವರು ಮೈಕು ಬಿಟ್ಟು ಬೋರ್ಡು ಕೇಳಿದರು. ವೈನಿ ನನ್ನ ಕಡೆ ಬಾಗಿ, “ಇವತ್ತರೆ ಸುಮ್ಮನಿರ್ರಿ ಅಂತ ಹೇಳಿ ಕರಕೊಂಬಂದಿದ್ದೆ,” ಎಂದರು. ಮಾಸ್ತರು ಬೋರ್ಡಿನ ಮೇಲೆ 739391337 ಎಂದು ಬರೆದು, ಅದರ ಕೆಳಗೆ ಮೂರರಿಂದ ಭಾಗಿಸಿ ಉತ್ತರ ಬರೆದರು: 246463779. ಬಾಯಲ್ಲಿ ಲೆಕ್ಕ ಹೇಳುತ್ತಲೇ ಬರೆದರು. ಆಮೇಲೆ ಸಭೆಯ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದರು: “ಇದು ನನ್ನ ಸಂಖ್ಯೆಯಲ್ಲ. ನನ್ನದನ್ನು ಯಾರೂ ಭಾಗ ಮಾಡಲಾರರು. ಇದು ಮೂರು ಸಮಪಾಲಾಗುತ್ತದೆ.”

ವೇದಿಕೆಯ ಮೇಲೆ ಮೂವರು ಅಣ್ಣತಮ್ಮಂದಿರು ಸಾಲಾಗಿ ಕೂತಿದ್ದರು.

“ಮೂರು ಪಾಲಾ?” ಎಂದರು ಹಿರಿಯರು.

“ಮೂರು ಪಾಲು.”

“ಶೇಷ ಏನೂ ಉಳಿಯುವುದಿಲ್ಲವಾ?” ಎಂದು ಕೇಳಿದವರು ನಡುವಿನವರು. ಅವರ ದನಿಯಲ್ಲಿ ಆಸಕ್ತಿಯಿತ್ತು.

“ಏನೂ ಇಲ್ಲ.”

ಕಿರಿಯ ತಮ್ಮ ನಡುವಿನ ಅಣ್ಣನ ಮುಖ ನೋಡಿದರು. ಹಿರಿಯರು ಇಬ್ಬರ ಮುಖವನ್ನೂ ನೋಡಿದರು. ಊಟಕ್ಕೆ ಏಳುವ ಹೊತ್ತಿಗೆ ಸಲಹೆಗಾರರು ಸಭೆಯಲ್ಲಿ ಕಾಣಲಿಲ್ಲ. ಬಿರಿಯಾನಿಯ ಪಾತ್ರೆಯ ಪಕ್ಕದಲ್ಲೇ ಛೇರ್ಮನ್ ಗಾರು ಮ್ಯಾನೇಜರನ್ನು ಕರೆದು, ಕಲ್ಲು ಕೊಯ್ಯುವವರನ್ನು ಮರುದಿನ ಬೆಳಗ್ಗೆಯೇ ಬರಲು ಹೇಳಿ, ಏಳು ಇರಕೂಡದು ಎಂದದ್ದನ್ನು ನಾನು ಕೇಳಿದೆ.

ಹೋಗಿ ಮಾಸ್ತರಿಗೆ ಹೇಳಿದೆ. ಅವರು ತಟ್ಟೆ ಕೆಳಗಿಟ್ಟರು.

“ಯಾಕ ತಗಸ್ತಾನಂತ?”

“ಮೂರು ಪಾಲಾಗುತ್ತದೆ ಎಂದಿರಲ್ಲ ಸರ್. ಮನೆ ಒಡೆಯುತ್ತದೆ ಅಂತ ಹೆದರಿದ್ದಾರೆ.”

“ನಾ ಹೇಳಿದ್ದು ಗಣಿತ. ಅಂವ ಕೇಳಿದ್ದು ಜ್ಯೋತಿಷ್ಯ.”

“ಏನಾದರಾಗಲಿ, ಏಳು ಹೋಗುತ್ತದಲ್ಲ.”

“ಏನಾದರಾಗಲಿ ಅಂದ್ರ ಹೆಂಗ್ರಿ? ತಪ್ಪ ರೀತಿಲೆ ಬಂದ ಉತ್ತರಕ್ಕ ನಾ ಯಾವತ್ತೂ ಮಾರ್ಕ್ಸ್ ಕೊಟ್ಟಿಲ್ಲ.”

ಮರುದಿನ ಬೆಳಗ್ಗೆ ಅವರು ನಿವೃತ್ತರು, ಹೋಗಬೇಕಾದ ಕೆಲಸವೇನೂ ಇರಲಿಲ್ಲ. ಆದರೂ ನನ್ನ ಜೊತೆ ಮೆಟ್ರೋ ಹತ್ತಿದರು. ಛೇರ್ಮನ್ ಗಾರಿಗೆ ಸರಿಯಾಗಿ ತಿಳಿಹೇಳಬೇಕು: ಮೂರರಿಂದ ಭಾಗವಾಗುವ ಸಂಖ್ಯೆ ಗೋಡೆಯ ಮೇಲಿದ್ದರೆ ಯಾವ ಮನೆಯೂ ಒಡೆಯುವುದಿಲ್ಲ, ಅದರಿಂದ ಯಾರಿಗೂ ಕೆಡುಕಿಲ್ಲ. ಏಳನ್ನು ತೆಗೆಯಬೇಕಾದದ್ದು ಅದು ತಪ್ಪಾದ್ದರಿಂದ. ಕೆಡುಕಿಲ್ಲವೆಂದು ಅವರಿಗೆ ಮನವರಿಕೆಯಾದರೆ ಏಳು ಅಲ್ಲೇ ಉಳಿಯುತ್ತದೆ, ನಿಮ್ಮ ಸಂಖ್ಯೆ ಕೆಟ್ಟೇ ಹೋಗುತ್ತದೆ ಎಂದು ನಾನು ಬಾಲಾನಗರದಿಂದ ಅಮೀರ್‌ಪೇಟ್‌ವರೆಗೆ ಹೇಳಿದೆ.

“ಗೊತ್ತೈತಿ,” ಎಂದರು. ಕೈ ಗಾಳಿಯಲ್ಲಿ ಒಂದು ಸಲವೂ ಸರಿಯಲಿಲ್ಲ.

ನಾನು ಆಫೀಸಿಗೆ ಹೋಗದೆ ಕೆಳಗೆ ಕಾದೆ. ಕಲ್ಲು ಕೊಯ್ಯುವವನು ಆಗಲೇ ಬಂದು ಏಣಿ ಹಾಕಿಕೊಂಡಿದ್ದ. ಯಾದಗಿರಿ ಕಡೆಯವನು. ಮಾಸ್ತರು ಮೇಲಿನಿಂದ ಇಳಿದು ಬಂದರು.

“ತಿಳಿಹೇಳಿದಿರಾ?”

“ಅರ್ಧಾ ತಾಸು ಹೇಳಿದೆ. ಅದೇ ಗುರೂಗಾರು, ಅದೇ ಗುರೂಗಾರು ಅಂದ.”

“ಒಪ್ಪಿದರಾ?”

“ಇಲ್ಲ. ಭಾಳ ಹೆದರ್ಯಾನ. ಮಧ್ಯಾಹ್ನದೊಳಗ ತಗೀರಿ ಅಂದ.”

“ಒಳ್ಳೆಯದಾಯಿತಲ್ಲ ಸರ್.”

“ಏನ ಒಳ್ಳೇದು? ಇಷ್ಟ ವರ್ಷ ಪಾಠಾ ಹೇಳಿದ ಮನಶಾ, ಒಬ್ಬರಿಗೆ ಮೂರರ ಭಾಗಾಕಾರ ತಿಳಸಾಕ ಆಗಲಿಲ್ಲ,” ಎಂದವರು, ಏಣಿಯ ಮೇಲಿದ್ದವನ ಕಡೆ ತಿರುಗಿದರು. ಮುಖದಲ್ಲಿ ಸಂತೋಷ ಮುಚ್ಚಿಡಲು ಆಗುತ್ತಿರಲಿಲ್ಲ.

“ಎಲ್ಲಿ ಕೊಯ್ಯೂದ್ರಿ?” ಎಂದ ಅವನು.

“ಆ ಕಡೀ ಏಳರ ಬುಡಕ್ಕ.”

“ಮಷೀನ್ ನಡಗಿದ್ರ ಬಾಜೂದ್ದೂ ಒಂದೀಟ ಸೀಳಬಹುದ್ರಿ. ನಂಗ ಬೈಬ್ಯಾಡ್ರಿ ಮತ್ತ.”

“ಬಲಗಡೆ ಎಷ್ಟ ಹೋದ್ರೂ ಚಿಂತಿಲ್ಲಪಾ. ಒಟ್ಟ ಎಡಗಡೆ ಕೈ ಹಚ್ಚಬ್ಯಾಡ.”

ಅವನು ಮಷೀನು ನಿಲ್ಲಿಸಿ ನನ್ನನ್ನು ನೋಡಿ, “ಇಂಥಾ ಗಿರಾಕಿ ನಾ ನೋಡಿಲ್ರಿ,” ಎಂದ.

ಏಳು ಹೋಯಿತು. ಗೋಡೆಯ ಮೇಲೆ 73939133 ಉಳಿಯಿತು. ಎಂಟು ಅಂಕಿಯ ಈ ಕಲ್ಲನ್ನು ನೋಡಿದ ಪಾಲಕರೊಬ್ಬರು, ಇದು ಸಂಸ್ಥೆಯ ಲ್ಯಾಂಡ್‌ಲೈನ್ ಇರಬೇಕೆಂದು ಫೋನ್ ಮಾಡಿದರಂತೆ. ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂಬ ರೆಕಾರ್ಡು ಕೇಳಿಸಿತಂತೆ. ಮ್ಯಾನೇಜರ್ ತಮಾಷೆಯೆಂದು ಮಾಸ್ತರಿಗೆ ಹೇಳಿದ. ಮಾಸ್ತರು ನಗಲಿಲ್ಲ. “ಅಸ್ತಿತ್ವದಾಗ ಇಲ್ಲಂತ!” ಎಂದು ಒಂದು ವಾರ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿದರು.

ಆ ಬೇಸಿಗೆಯಲ್ಲಿ ಕೊಯ್ದ ಕಡೆ ಬಿರುಕು ಬಿಟ್ಟು ಕೊನೆಯ 3 ಉದುರಿತು. ನಾನು ಆ ದಾರಿಯಲ್ಲಿ ಹೋಗುವವನಾದ್ದರಿಂದ ನೋಡಿ ಬಂದು ತಿಳಿಸಿದೆ. ಮಾಸ್ತರು ಚಹಾ ಕುಡಿಯುತ್ತಿದ್ದರು. ಕೈ ಗಾಳಿಯಲ್ಲಿ ಒಂದು ಗೇಣು ಎಡಕ್ಕೆ ಸರಿಯಿತು. “ಗಟ್ಟಿ,” ಎಂದರು.

ಎರಡು ವರ್ಷದ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಏಳನ್ನು ಕಿತ್ತದ್ದರಿಂದಲೇ ಹೀಗಾಯಿತೆಂದು ಸಲಹೆಗಾರರು ಹೇಳಿದರು. ಏಳು ಒಂದು ರಾತ್ರಿ ಇದ್ದದ್ದಕ್ಕೇ ಹೀಗಾಯಿತೆಂದು ಛೇರ್ಮನ್ ಗಾರು ಹೇಳಿದರು. ಸುದ್ದಿ ಹೇಳಿದಾಗ ಮಾಸ್ತರು ಕೇಳಿದ್ದು ಒಂದೇ ಪ್ರಶ್ನೆ.

“ಮೂರೂ ಪಾಲ ಸಮಾ ಬಂದ್ವೇನು?”

“ಇಲ್ಲ ಸರ್. ಕೋರ್ಟಿಗೆ ಹೋಗಿದ್ದಾರೆ.”

“ನೋಡ್ರಿ! ಅದಕ್ಕೂ ಇದಕ್ಕೂ ಸಂಬಂಧ ಇಲ್ಲಂತ ನಾ ಅವತ್ತ ಹೇಳಿದ್ದೆ.”

ಕೆಳಮಹಡಿ ನಡುವಿನ ತಮ್ಮನ ಪಾಲಿಗೆ ಬಂತು. ಅವರು ಅದನ್ನು ಮೊಬೈಲ್ ರಿಪೇರಿ ಅಂಗಡಿಗೆ ಬಾಡಿಗೆಗೆ ಕೊಟ್ಟರು. ಶಟರ್ ಕೂರಿಸಲು ಕಲ್ಲಿನ ಬಲತುದಿ ಅಡ್ಡ ಬಂತು. ಈ ಸಲ ಮಾಸ್ತರು ತಾವೇ ಬಂದರು. ಕೊಡೆ ಊರಿಕೊಂಡು ನಿಂತು ಅಂಗಡಿಯವನಿಗೆ ತೆಲುಗಿನಲ್ಲಿ ಹೇಳಿದರು: “ಎಷ್ಟು ಬೇಕಾದರೂ ಕೊಯ್ಯಿ. ಆದರೆ ಅಂಕಿಯ ನಡುವೆ ಬೇಡ. ಕೊಯ್ದರೆ ಪೂರ್ತಿ ಕೊಯ್ಯಿ, ಬಿಟ್ಟರೆ ಪೂರ್ತಿ ಬಿಡು.” ಅವನು 1 ಮತ್ತು 3 ಇದ್ದ ಭಾಗವನ್ನು ಪೂರ್ತಿ ಕೊಯ್ದ. 73939 ಉಳಿಯಿತು. ಮಾಸ್ತರು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು. ಅವರು ಆ ಗೋಡೆಯನ್ನು ನೋಡಿದ್ದು ಅದೇ ಕೊನೆ.

ಫೆಬ್ರುವರಿಯಲ್ಲಿ ಬಿದ್ದದ್ದು ಆ 73939ರ ಕೊನೆಯ 9. ಶಟರ್ ದಿನವೂ ಎಳೆಯುವ ಅದುರಿಗೆ ಸಡಿಲವಾಗಿತ್ತು ಎಂದು ಅಂಗಡಿಯವನು ಹೇಳಿದ. ಸ್ಕೂಟರ್ ಅವನದೇ. ನಾನು ಅಲ್ಲಿಂದಲೇ ವೈನಿಗೆ ಫೋನ್ ಮಾಡಿದೆ. ಅವರು ಕುಕ್ಕರ್ ಇಳಿಸಿ ಬರುತ್ತೇನೆಂದು ಹೋಗಿ, ಬಂದು, “ಹೇಳ್ರಿ,” ಎಂದರು.

“ಇನ್ನೊಂದು ಅಂಕಿ ಬಿತ್ತು ವೈನಿ.”

“ಯಾವ ಕಡೀದು?”

“ಬಲಗಡೆಯದು.”

“ಈಗ ಎಷ್ಟ ಉಳೀತು?”

“ಏಳು, ಮೂರು, ಒಂಬತ್ತು, ಮೂರು.”



“ಏಳು ಸಾವಿರದ ಮುನ್ನೂರಾ ತೊಂಬತ್ಮೂರು,” ಎಂದರು ವೈನಿ. “ಗಟ್ಟಿ ಐತಿ ಬಿಡ್ರಿ. ನಡೀತೈತಿ.”

ಮೊಬೈಲ್ ಅಂಗಡಿಯವನು ಈಗ ದೊಡ್ಡ ಬೋರ್ಡು ಹಾಕಿಸುತ್ತಿದ್ದಾನೆ. ಕಳೆದ ವಾರ ಬೋರ್ಡಿನವರು ಬಂದು ಅಳತೆ ತೆಗೆದುಕೊಂಡು, ಕಲ್ಲನ್ನು ಎಲ್ಲಿಗೆ ಕೊಯ್ಯಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೋಗಿದ್ದಾರೆ. ಗೆರೆ 9 ಮತ್ತು 3ರ ನಡುವೆ ಇದೆ.